‘ಕೃಷ್ಣಮೃಗ: ಇಲ್ಲ’ – ಬೀದರ್ ಜಿಲ್ಲೆಯ ಒಂದು ಗಾಯರಾಣದ ಪ್ರಕರಣ ಅಧ್ಯಯನ

ಹಿನ್ನೆಲೆ

ಊರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅಲ್ಲಿಯ ಜನರ ಮರ್ಯಾದೆ ಒಂದು ಕಾರಣ. ಚಿಗರಿಗಳು ಎಲ್ಲಿ ಮರಿ ಹಾಕುತ್ತವೆ ಎಂಬುದು ಬೇಟೆಯವರ ಕಿವಿಗೆ ಬೀಳಬಾರದು ಎಂಬುದು ಇನ್ನೊಂದು. ಬೀದರ್ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಎಂದಷ್ಟೇ ತಿಳಿದರೆ ಸಾಕು. ಮೂರು ಹಳ್ಳಿ, ಎರಡು ತಾಂಡಾ. ಊರಿನ ಬೆನ್ನಿಗೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಮಡ್ಡಿ, ಕೆಳಗೆ ತೊಗರಿ, ಜೋಳ, ಕಡಲೆ ಬೆಳೆಯುವ ಎರೆ ಹೊಲ. ಮಡ್ಡಿಯ ಮೇಲೆ ನೂರಕ್ಕೂ ಹೆಚ್ಚು ಎಕರೆ ಗಾಯರಾಣ, ಅಂದರೆ ಊರಿನ ದನ, ಕುರಿ ಮೇಯುವ ಸಾರ್ವಜನಿಕ ನೆಲ. ಅಲ್ಲಿ ಗೇಣುದ್ದ ಮಣ್ಣು, ಅದರ ಕೆಳಗೆ ಬರೀ ಕಲ್ಲು. ಅಲ್ಲೊಂದು ಇಲ್ಲೊಂದು ಬಾರಿ ಗಿಡ, ತಂಗಡಿ, ಮುತ್ತಲ, ಉಳಿದದ್ದೆಲ್ಲ ಹುಲ್ಲು.

ಈ ಕಲ್ಲಿನ ಗುಣ ತಿಳಿಯದೆ ಬೀದರಿನ ನೆಲದ ಬಗ್ಗೆ ಮಾತನಾಡುವುದು ಕಷ್ಟ. ಜಂಬಿಟ್ಟಿಗೆ ಮಳೆ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅದರಡಿಯ ಕಪ್ಪು ಬಸಾಲ್ಟ್ ಕಲ್ಲು ನೀರನ್ನು ತಡೆಯುತ್ತದೆ. ಎರಡೂ ಕೂಡುವ ಕಡೆ ಒರತೆ ಹುಟ್ಟುತ್ತದೆ. ಝರಣಿ ನರಸಿಂಹನ ಗುಹೆಯಲ್ಲಿ ವರ್ಷವಿಡೀ ನೀರು ನಿಲ್ಲುವುದೂ ಬಹಮನಿ ಕಾಲದವರು ಬೀದರಿನಲ್ಲಿ ಸುರಂಗ ಬಾವಿಗಳನ್ನು ಕೊರೆದದ್ದೂ ಈ ನೆಲದ ಬಲದಿಂದಲೇ. ನಮ್ಮ ಪ್ರಕರಣದ ಊರಿನಲ್ಲಿಯೂ ಮಡ್ಡಿಯ ಬುಡದ ಹಳೆಯ ಬಾವಿ ಬೇಸಿಗೆಯಲ್ಲಿ ಎಲ್ಲಕ್ಕಿಂತ ಕೊನೆಗೆ ಬತ್ತುವ ಬಾವಿ. ಮೇಲಿನ ಹುಲ್ಲು ಮಳೆಯನ್ನು ಹಿಡಿದು ನಿಲ್ಲಿಸುವುದಕ್ಕೂ ಕೆಳಗಿನ ಬಾವಿಗೂ ಇರುವ ನಂಟನ್ನು ಅಲ್ಲಿಯ ಕುರಿಗಾರರು ನನಗೆ ಹೇಳಿದರು, ನಾನು ಅವರಿಗೆ ಹೇಳಲಿಲ್ಲ.

ಇನ್ನೊಂದು ಹಿನ್ನೆಲೆ ಕಾನೂನಿನದು. 2002ರ ಜೀವವೈವಿಧ್ಯ ಕಾಯ್ದೆಯ 36ನೇ ಕಲಮಿನ ಪ್ರಕಾರ ರಾಷ್ಟ್ರೀಯ ಕಾರ್ಯತಂತ್ರ, ಯೋಜನೆ ರೂಪಿಸುವ ಹೊಣೆ ಕೇಂದ್ರ ಸರ್ಕಾರದ್ದು. 41ನೇ ಕಲಮಿನ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಜನರನ್ನು ಕೇಳಿ ‘ಜನತಾ ಜೀವವೈವಿಧ್ಯ ದಾಖಲಾತಿ’ ತಯಾರಿಸುವುದು ಆ ಸಮಿತಿಯ ಮುಖ್ಯ ಕೆಲಸ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಮತ್ತು ಅವರ ಜೊತೆಗಾರರು 1990ರ ದಶಕದಲ್ಲಿ ಇದಕ್ಕೆ ರೂಪ ಕೊಟ್ಟಾಗ ಇದ್ದ ಆಸೆ ದೊಡ್ಡದು: ನೆಲದ ಬಗ್ಗೆ ತಿಳಿದವರೇ ನೆಲದ ಲೆಕ್ಕ ಬರೆಯಬೇಕು, ಆ ಲೆಕ್ಕದ ಮೇಲೆ ಜಿಲ್ಲೆ, ರಾಜ್ಯ, ದೇಶದ ಯೋಜನೆ ನಿಲ್ಲಬೇಕು.

ಕಾಯ್ದೆ ಬಂದ ಮೇಲೆ ಬಹುಕಾಲ ಈ ಕೆಲಸ ಮುಂದೆ ಸಾಗಲಿಲ್ಲ. 2016ರಲ್ಲಿ ಇಡೀ ದೇಶದಲ್ಲಿ ಇಂಥ ಸಮಿತಿಗಳು ಹತ್ತು ಸಾವಿರಕ್ಕೂ ಕಡಿಮೆ, ದಾಖಲಾತಿಗಳು ಸುಮಾರು 1,400 ಮಾತ್ರ. ಆ ವರ್ಷ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಅರ್ಜಿ ಹೋಯಿತು. 2020ರ ಜನವರಿ 31ರೊಳಗೆ ಮುಗಿಸದಿದ್ದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕೆಂದು ಮಂಡಳಿ ಹೇಳಿತು. ಗಡುವಿನ ಹೊತ್ತಿಗೆ ಸಮಿತಿಗಳು 2.4 ಲಕ್ಷ ದಾಟಿದ್ದವು, ದಾಖಲಾತಿಗಳು 95 ಸಾವಿರ ದಾಟಿದ್ದವು. ಆ ಓಟದಲ್ಲಿ ತಯಾರಾದ ಒಂದು ಕಡತವೇ ಈ ಪ್ರಕರಣದ ಮೂಲ.

ಸಮಸ್ಯೆ

2022ರ ಮಾರ್ಚಿನಲ್ಲಿ ಗಾಯರಾಣಕ್ಕೆ ಜೆಸಿಬಿ ಬಂತು. ಸುತ್ತ ಕಂದಕ, ಒಳಗೆ ಗುಂಡಿ, ಮಳೆಗಾಲಕ್ಕೆ ಗ್ಲಿರಿಸಿಡಿಯಾ ಮತ್ತು ಹೊಂಗೆ ಸಸಿ. ಕಾಮಗಾರಿಯ ಹೆಸರು ‘ಪಾಳು ಭೂಮಿ ಅಭಿವೃದ್ಧಿ’. ಕುರಿಗಾರರು ಅಧ್ಯಕ್ಷೆಯ ಮನೆಗೆ ಹೋದರು. 2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದು, ಮೊದಲ ಅವಧಿಗೆ ಅಧ್ಯಕ್ಷರಾಗಿದ್ದ ಹೆಣ್ಣುಮಗಳು ಅವರು. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳುವವನು, ಅವರ ಮಗನ ಮೇಷ್ಟ್ರು. ‘ಸರ್, ಈ ಜಾಗದ ಬಗ್ಗೆ ಕಾಗದದಲ್ಲಿ ಏನಾದರೂ ಇದೆಯೇ ನೋಡಿ’ ಎಂದು ಕರೆಸಿದರು.

ಪಂಚಾಯಿತಿಯ ಕಪಾಟಿನಲ್ಲಿ ದಾಖಲಾತಿ ಇತ್ತು. ಹಸಿರು ರಟ್ಟು, ಸ್ಪೈರಲ್ ಬೈಂಡಿಂಗ್. ಅದನ್ನು ತೆರೆದು ಓದಿದ ಆ ಮಧ್ಯಾಹ್ನ ನನಗೆ ಇಂದಿಗೂ ಮರೆತಿಲ್ಲ. ಬೆಳೆಗಳ ಪಟ್ಟಿಯಲ್ಲಿ ಅಡಿಕೆ, ಕಾಳುಮೆಣಸು. ಪಕ್ಷಿಗಳಲ್ಲಿ ಮಂಗಟ್ಟೆ. ಔಷಧಿ ಗಿಡಗಳಲ್ಲಿ ಮಲೆನಾಡಿನ ದಟ್ಟ ಕಾಡಿನಲ್ಲಷ್ಟೇ ಸಿಗುವವು. ಬೇರೆ ಜಿಲ್ಲೆಯ ದಾಖಲಾತಿಗೆ ಈ ಊರಿನ ಹೆಸರು ಅಂಟಿಸಿದ್ದರು. ಅಷ್ಟೇ ಆಗಿದ್ದರೆ ಸೋಮಾರಿತನ ಎಂದು ಬಿಡಬಹುದಿತ್ತು. ಆದರೆ ಕೊನೆಯ ಪುಟಗಳಲ್ಲಿ ಯಾರೋ ಊರಿಗೆ ಬಂದು ಕೇಳಿ ತುಂಬಿದ ನಮೂನೆಯೂ ಇತ್ತು. ಅಲ್ಲಿ ನೀಲಿ ಶಾಯಿಯಲ್ಲಿ ಹೀಗೆ ಬರೆದಿತ್ತು: ‘ಕೃಷ್ಣಮೃಗ: ಇಲ್ಲ. ಹುಲ್ಲುಗಾವಲು: ಇಲ್ಲ. ಪಾಳು ಭೂಮಿ: ಇದೆ.’

ಹೊರಗೆ ಕಟ್ಟೆಯ ಮೇಲೆ ಕುಳಿತವರನ್ನು ಕೇಳಿದೆ. ‘ಇಲ್ಲಿ ಕೃಷ್ಣಮೃಗ ಇಲ್ಲವೇ?’ ಇಲ್ಲ ಎಂದರು. ‘ಚಿಗರಿ?’ ಎಂದೆ. ‘ಚಿಗರಿ ಇಲ್ಲದೆ ಇರುತ್ತದೆಯೇ ಸರ್? ಇವತ್ತು ಮುಂಜಾನೆಯೂ ಇದ್ದವು.’ ಕೃಷ್ಣಮೃಗಕ್ಕೆ ಅಲ್ಲಿಯವರು ಹೇಳುವ ಹೆಸರೇ ಚಿಗರಿ. ಹುಲ್ಲುಗಾವಲಿಗೂ ಅದೇ ಗತಿ. ಅವರಿಗೆ ಅದು ಗಾಯರಾಣ, ಇಲ್ಲವೇ ಮಡ್ಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ, ಅಂದರೆ ಹುಲಿಗೆ ಸಿಗುವ ರಕ್ಷಣೆಯೇ ಸಿಗಬೇಕಾದ ಪ್ರಾಣಿ, ಒಂದು ಪದದ ವ್ಯತ್ಯಾಸದಿಂದ ಸರ್ಕಾರಿ ದಾಖಲೆಯಲ್ಲಿ ಇಲ್ಲವಾಗಿತ್ತು. ಪ್ರಶ್ನೆ ಕೇಳಿದವರು ಸುಳ್ಳು ಬರೆಯಲಿಲ್ಲ, ಉತ್ತರ ಹೇಳಿದವರೂ ಸುಳ್ಳು ಹೇಳಲಿಲ್ಲ. ಅದಕ್ಕೇ ಈ ತಪ್ಪು ನನ್ನನ್ನು ಹೆಚ್ಚು ಕಾಡಿತು.

ಮಾಡಿ ನೋಡಿದ್ದು

ಮೊದಲ ಹೆಜ್ಜೆ ಅರ್ಜಿ. ಜೀವವೈವಿಧ್ಯ ಕಾಯ್ದೆಯನ್ನು ಉಲ್ಲೇಖಿಸಿ, ಇಲ್ಲಿ ಚಿಗರಿಗಳಿವೆ, ಕಾಮಗಾರಿ ನಿಲ್ಲಿಸಿ ಎಂದು ಬರೆದೆವು. ಬಂದ ಉತ್ತರ ಎರಡು ಸಾಲಿನದು: ನಿಮ್ಮದೇ ಸಮಿತಿಯ ದಾಖಲಾತಿಯ ಪ್ರಕಾರ ಅದು ಪಾಳು ಭೂಮಿ, ಅಲ್ಲಿ ಕೃಷ್ಣಮೃಗ ಇಲ್ಲ. ಊರನ್ನು ಕಾಯಲೆಂದು ಕಾನೂನು ಮಾಡಿಸಿದ ಪುಸ್ತಕ ಊರಿನ ವಿರುದ್ಧವೇ ಸಾಕ್ಷಿ ನುಡಿಯಿತು. ಜೊತೆಗೆ ನಮಗೆ ಇನ್ನೊಂದು ಮಾತೂ ಅರಿವಾಯಿತು. 41ನೇ ಕಲಮು ಸಮಿತಿಯನ್ನು ಕೇಳಬೇಕು ಎನ್ನುವುದು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಮತ್ತು ರಾಜ್ಯಗಳ ಜೀವವೈವಿಧ್ಯ ಮಂಡಳಿಗಳಿಗೆ, ಅದೂ ಜೈವಿಕ ಸಂಪನ್ಮೂಲದ ಬಳಕೆಯ ವಿಷಯದಲ್ಲಿ. ಸಸಿ ನೆಡುವ ಕಾಮಗಾರಿಯನ್ನು ತಡೆಯುವ ಅಧಿಕಾರ ಸಮಿತಿಗೆ ಅದರಲ್ಲಿ ಇಲ್ಲ.

ಎರಡನೆಯ ಹೆಜ್ಜೆ ನನ್ನ ತಪ್ಪು ಹೆಜ್ಜೆ. ಸಮುದಾಯ ಭವನದಲ್ಲಿ ಸಭೆ ಕರೆದು, ಚಿಗರಿಯ ಚಿತ್ರಗಳನ್ನು ತೋರಿಸಿ, ಬಯಲು ಹುಲ್ಲಿನಲ್ಲೇ ಅದು ಏಕೆ ಬದುಕುತ್ತದೆ ಎಂದು ವಿವರಿಸಿದೆ. ದೂರದಿಂದ ಅಪಾಯ ಕಾಣುವಂತಿರಬೇಕು. ಹೆಣ್ಣು ಚಿಗರಿ ಎಳೆ ಮರಿಯನ್ನು ಹುಲ್ಲಿನ ಬುಡದಲ್ಲಿ ಅಡಗಿಸಿ ತಾನು ದೂರ ಮೇಯುತ್ತದೆ. ಮರ ಕವಿದರೆ ಆ ಜಾಗ ಬಿಡುತ್ತದೆ. ಎಲ್ಲವೂ ಸರಿಯಾದ ಮಾತೇ. ಹಿಂದಿನ ಸಾಲಿನಲ್ಲಿ ತಾಂಡಾದ ಹೆಂಗಸರು ಕುಳಿತಿದ್ದರು. ಅವರಲ್ಲೊಬ್ಬರು ಎದ್ದು ನಿಂತರು. ‘ನೀವು ಚಿಗರಿ ಎಣಿಸುತ್ತೀರಿ ಸರ್. ನಮ್ಮ ಹಾಜರಿ ಯಾರು ಎಣಿಸುತ್ತಾರೆ? ಗುಂಡಿ ನಿಂತರೆ ಬೇಸಿಗೆಯಲ್ಲಿ ನಾವು ಎಲ್ಲಿಗೆ ಹೋಗಬೇಕು, ಹೈದರಾಬಾದಿಗೋ?’ ಅವರ ಹಿಂದೆ ಇಪ್ಪತ್ತು ಮೂವತ್ತು ಜನ ಎದ್ದು ಹೋದರು. ಕಂದಕಕ್ಕೆ ಯಂತ್ರ ಬಂದಿದ್ದರೂ ಗುಂಡಿ ತೆಗೆಯುವ ಕೆಲಸ ಉದ್ಯೋಗ ಖಾತ್ರಿಯದು. ಜಾಬ್ ಕಾರ್ಡ್ ಇದ್ದವರಿಗೆ ಆ ಗುಂಡಿಯೇ ಕೂಲಿ. ಸಭೆಗೆ ಮೊದಲು ಇದನ್ನು ನಾನು ಒಬ್ಬರನ್ನೂ ಕೇಳಿರಲಿಲ್ಲ.

ತಿರುವು ಬಂದದ್ದು ಆ ಹೆಂಗಸಿನ ಮಾತಿನಿಂದ. ಉದ್ಯೋಗ ಖಾತ್ರಿಯ ಕೆಲಸವಾದರೆ ಅದು ಯಾವುದೋ ಗ್ರಾಮಸಭೆಯಲ್ಲಿ ಒಪ್ಪಿಗೆ ಪಡೆದಿರಲೇಬೇಕು. ಅಧ್ಯಕ್ಷೆ ಮತ್ತು ಪಿಡಿಒ ಹಳೆಯ ನಡಾವಳಿ ಪುಸ್ತಕ ತೆಗೆದರು. ಇತ್ತು. ಹಿಂದಿನ ವರ್ಷದ ಕ್ರಿಯಾ ಯೋಜನೆಯಲ್ಲಿ, ಚರಂಡಿ ಮತ್ತು ಸಿಸಿ ರಸ್ತೆಗಳ ನಡುವೆ, ಒಂದು ಸಾಲು: ಪಾಳು ಭೂಮಿ ಅಭಿವೃದ್ಧಿ. ಯಾರೂ ಓದದೆ ಎಲ್ಲರೂ ಕೈ ಎತ್ತಿದ್ದರು. ಜೀವವೈವಿಧ್ಯ ಕಾಯ್ದೆಯಲ್ಲಿ ನಾವು ಹುಡುಕುತ್ತಿದ್ದ ಅಧಿಕಾರ ಪಂಚಾಯಿತಿಯ ದಿನನಿತ್ಯದ ಕಡತದಲ್ಲೇ ಇತ್ತು. ಹಾಕಿದವರೇ ತೆಗೆಯಬಹುದು, ಆದರೆ ಮುಂದಿನ ವರ್ಷದ ಯೋಜನೆಯಿಂದ ಮಾತ್ರ. ಅಷ್ಟರಲ್ಲಿ ಗಾಯರಾಣದ ಮೂರನೇ ಒಂದು ಭಾಗದಷ್ಟು ಅಗೆದಾಗಿತ್ತು.

ಆ ಮಳೆಗಾಲದಲ್ಲಿ ಮೂರು ನಿರ್ಧಾರಗಳಾದವು. ಒಂದೊಂದಕ್ಕೂ ವಿರೋಧವಿತ್ತು.

ಮೊದಲನೆಯದು ಕೂಲಿಯದು. ಗಾಯರಾಣ ಉಳಿಸುವ ಮಾತನ್ನು ಪಕ್ಕಕ್ಕಿಟ್ಟು, ಗುಂಡಿ ಕೆಲಸದಿಂದ ಬರಬಹುದಾಗಿದ್ದ ಮಾನವ ದಿನಗಳಷ್ಟೇ ದಿನಗಳು ಬೇರೆ ಯಾವ ಕೆಲಸದಿಂದ ಬರುತ್ತವೆ ಎಂದು ಪಿಡಿಒ ಮತ್ತು ತಾಂಡಾದ ಕಾಯಕ ಬಂಧುಗಳು (ಉದ್ಯೋಗ ಖಾತ್ರಿ ಕೂಲಿ ಗುಂಪುಗಳ ಮೇಟಿಗಳು) ಕುಳಿತು ಲೆಕ್ಕ ಹಾಕಿದರು. ಎರೆ ಹೊಲಗಳಿಗೆ ಬದು, ನಾಲೆಯ ಹೂಳು, ಕೃಷಿ ಹೊಂಡ. ಸಸಿಗಳನ್ನು ಶಾಲೆಯ ಆವರಣ, ನಾಲೆಯ ದಂಡೆ ಮತ್ತು ಹೊಲದ ಬದುಗಳಿಗೆ ಸರಿಸಲಾಯಿತು. ಅಕ್ಟೋಬರ್ 2ರ ಗ್ರಾಮಸಭೆಯಲ್ಲಿ ಮೊದಲು ಈ ಪಟ್ಟಿ ಓದಿದರು, ಆಮೇಲೆ ಗಾಯರಾಣದ ಸಾಲು ತೆಗೆಯುವ ಠರಾವು. ಸಮುದಾಯ ಭವನದ ಸಭೆಯಿಂದ ಎದ್ದು ಹೋಗಿದ್ದ ಆ ಹೆಂಗಸೇ ಠರಾವನ್ನು ಅನುಮೋದಿಸಿದರು.

ಎರಡನೆಯದು, ಗಾಯರಾಣವನ್ನು 37ನೇ ಕಲಮಿನಡಿ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಲು ಕೇಳುವುದೇ ಬೇಡವೇ ಎಂಬುದು. ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು 2007ರಲ್ಲೇ ದೇಶದ ಮೊದಲ ಪಾರಂಪರಿಕ ತಾಣವಾಯಿತು. ನನಗೆ ಆ ಆಸೆ ಬಲವಾಗಿತ್ತು. ಕುರಿಗಾರರು ಒಪ್ಪಲಿಲ್ಲ. ‘ಬೋರ್ಡು ಬಂದ ಮೇಲೆ ತಂತಿ ಬರುತ್ತದೆ, ತಂತಿ ಬಂದ ಮೇಲೆ ಕುರಿ ಹೊರಗೆ’ ಎಂದರು. ತೊಂದರೆಗೊಳಗಾಗುವವರಿಗೆ ಪರಿಹಾರದ ಅವಕಾಶ ಅದೇ ಕಲಮಿನಲ್ಲಿದೆ ಎಂದು ನಾನು ಓದಿ ಹೇಳಿದೆ. ಅವರು ಕಂಡ ಬೇಲಿಗಳ ಎದುರು ನನ್ನ ಓದು ನಿಲ್ಲಲಿಲ್ಲ. ಅರ್ಜಿ ಹಾಕಲಿಲ್ಲ. ಈ ನಿರ್ಧಾರ ಸರಿ ಎಂದೇ ಈಗಲೂ ನನ್ನ ಅಭಿಪ್ರಾಯ. ಆ ಹುಲ್ಲು ಇಷ್ಟು ಕಾಲ ಉಳಿದದ್ದು ಮೇಯಿಸುವವರು ಇದ್ದುದರಿಂದ.

ಮೂರನೆಯದು, ದಾಖಲಾತಿಯನ್ನು ಮೊದಲಿನಿಂದ ಬರೆಯುವುದು. ಆಗ ಜಾರಿಯಲ್ಲಿದ್ದ ಕೇಂದ್ರದ 2004ರ ನಿಯಮದಂತೆ ಸಮಿತಿಗೆ ಅಧ್ಯಕ್ಷರಲ್ಲದೆ ಆರು ಜನ ಸದಸ್ಯರವರೆಗೆ ಇರಬಹುದಿತ್ತು, ಮೂರನೇ ಒಂದರಷ್ಟಾದರೂ ಮಹಿಳೆಯರಿರಬೇಕಿತ್ತು. ಹಳೆಯ ಕಡತದಲ್ಲಿ ಹೆಸರಿದ್ದ ಸದಸ್ಯೆಯೊಬ್ಬರಿಗೆ ತಾವು ಸದಸ್ಯೆ ಎಂಬುದೇ ಗೊತ್ತಿರಲಿಲ್ಲ. ಹೊಸ ಸಮಿತಿಗೆ ಇಬ್ಬರು ಕುರಿಗಾರರು, ತಾಂಡಾದ ಆ ಹೆಂಗಸು, ದೇವಣಿ ದನ ಸಾಕುವ ರೈತರೊಬ್ಬರು ಬಂದರು. ನಮೂನೆಯನ್ನು ಹಿಡಿದು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದೆವು. ಮೊದಲು ಜನರೊಂದಿಗೆ ನಡೆಯುವುದು, ಅವರು ಹೇಳಿದ ಹೆಸರನ್ನು ಹಾಗೆಯೇ ಬರೆಯುವುದು, ವೈಜ್ಞಾನಿಕ ಹೆಸರನ್ನು ಆಮೇಲೆ ಮನೆಯಲ್ಲಿ ಕುಳಿತು ನಾನು ಹುಡುಕುವುದು.

ಬರೆಯುವಾಗ ಕಂಡದ್ದು

ನವೆಂಬರಿನ ಒಂದು ಬೆಳಿಗ್ಗೆ ಎಪ್ಪತ್ತು ದಾಟಿದ ಕುರಿಗಾರ ಮುತ್ಯಾ ನನ್ನನ್ನು ಮಡ್ಡಿಯ ಮೇಲೆ ಕೂರಿಸಿ ‘ಕೈ ಚಾಚಿ’ ಎಂದರು. ಅಂಗೈ ಮೇಲೆ ಒಣಗಿದ ಹುಲ್ಲಿನ ಬೀಜ ಒಂದನ್ನಿಟ್ಟರು. ಮುಂದೆ ಸೂಜಿಯಂಥ ಮೊನೆ, ಹಿಂದೆ ಬೆರಳುದ್ದದ ಕಂದು ಬಾಲ, ಅದೇ ಊಬು, ಹೊಸೆದ ಹುರಿಯ ಹಾಗೆ ತಿರುಚಿಕೊಂಡಿತ್ತು. ಬಾಟಲಿಯಿಂದ ಒಂದು ಹನಿ ನೀರು ಬಿಟ್ಟರು. ಬಾಲ ನಿಧಾನವಾಗಿ ಬಿಚ್ಚಿಕೊಳ್ಳುತ್ತ ಗಡಿಯಾರದ ಮುಳ್ಳಿನಂತೆ ತಿರುಗತೊಡಗಿತು. ಮೊನೆ ನನ್ನ ಚರ್ಮವನ್ನು ಒತ್ತಿತು. ‘ನೆಲದೊಳಗೆ ಹೀಗೇ ಇಳಿಯುತ್ತದೆ. ಕುರಿಯ ತೊಗಲೊಳಗೂ ಹೀಗೇ. ಅದಕ್ಕೇ ಊಬು ಬಲಿಯುವ ಮೊದಲು ಇಲ್ಲಿ ಮೇಯಿಸುತ್ತೇವೆ, ಬಲಿತ ಮೇಲೆ ಕೆಳಗೆ ಇಳಿದು ಹೊಲಗಳಲ್ಲಿ ಕುರಿ ತರುಬುತ್ತೇವೆ. ಚಿಗರಿ ಮರಿ ಅಡಗುವುದು ಈ ಉದ್ದ ಹುಲ್ಲಿನಲ್ಲಿ.’

ಹೆಟೆರೊಪೋಗನ್ ಕಂಟಾರ್ಟಸ್ ಎಂದು ನಾನು ವರ್ಷಗಳಿಂದ ಪಾಠ ಹೇಳಿದ ಹುಲ್ಲು ಅದು. ಅದರ ಊಬು ತೇವಕ್ಕೆ ತಿರುಗುತ್ತದೆ ಎಂಬುದು ನನಗೆ ಗೊತ್ತಿತ್ತು. ಆ ಒಂದು ಊಬಿನ ಮೇಲೆ ಊರಿನ ಕುರಿಗಳ ವರ್ಷದ ದಾರಿ, ರೈತರ ಹೊಲಕ್ಕೆ ಬೀಳುವ ಗೊಬ್ಬರ, ಚಿಗರಿಯ ಬಿಡುವು ಎಲ್ಲವೂ ನಿಂತಿದೆ ಎಂಬುದು ಗೊತ್ತಿರಲಿಲ್ಲ. ದಾಖಲಾತಿಯ ಆ ಪುಟಕ್ಕೆ ಮುತ್ಯಾ ಹೇಳಿದ್ದನ್ನು ಅವರ ಮಾತಿನಲ್ಲೇ ಇಳಿಸಿದೆವು. ಹಳೆಯ ನಮೂನೆಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ. ಒಂದು ಬಿಳಿ ಹಾಳೆ ಸೇರಿಸಿದೆವು.

ಡಿಸೆಂಬರಿನ ಎಳ್ಳಮಾವಾಸ್ಯೆಗೆ ಹೆಂಗಸರು ಹೊಲದಲ್ಲಿ ಚರಗ ಚೆಲ್ಲಿ, ಊಟಕ್ಕೆ ಕುಳಿತಾಗ ಭಜ್ಜಿಯ (ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಪಲ್ಯದ) ಪಾತ್ರೆಯಲ್ಲಿ ಏನೇನಿದೆ ಎಂದು ಒಂದೊಂದಾಗಿ ಹೇಳಿದರು. ಹಸಿ ತೊಗರಿ, ಅವರೆ, ಕಡಲೆ, ಮೆಂತ್ಯೆ, ಪುಂಡಿ. ಜೊತೆಗೆ ಬಿತ್ತದೆ ಬೆಳೆಯುವ ಸೊಪ್ಪುಗಳ ಮಾತೂ ಬಂತು, ಹತ್ತರಕಿ, ಕಿರಕಸಾಲಿ, ಗೋಣಿ ಪಲ್ಲೆ. ಕಳೆನಾಶಕ ಹೊಡೆಯುವ ಹೊಲಗಳಲ್ಲಿ ಇವು ಈಗ ಸಿಗುವುದಿಲ್ಲ ಎಂದರು. ಒಂದು ಊಟದ ಹೊತ್ತಿನಲ್ಲಿ ಎರಡು ಪುಟ ತುಂಬಿತು. ನಾಟಿ ವೈದ್ಯರೊಬ್ಬರು ತಮ್ಮ ಮದ್ದಿನ ವಿವರ ಬರೆಸಲು ಒಪ್ಪಲಿಲ್ಲ. ಗಿಡದ ಹೆಸರು ಮಾತ್ರ ಬರೆದು ಬಿಟ್ಟೆವು. ಚಿಗರಿ ಮರಿ ಹಾಕುವ ಜಾಗದ ನಕ್ಷೆಯನ್ನೂ ಪುಸ್ತಕದಲ್ಲಿ ಸೇರಿಸಲಿಲ್ಲ. ಅದು ಸಮಿತಿಯ ಬಳಿ ಮುಚ್ಚಿದ ಲಕೋಟೆಯಲ್ಲಿದೆ.

ಆದದ್ದು

ಅಗೆದ ಭಾಗದಲ್ಲಿ ನೆಟ್ಟ ಸಸಿಗಳು 2023ರ ಬೇಸಿಗೆಗೆ ಬಹುಪಾಲು ಒಣಗಿದವು. ಕಲ್ಲಿನಲ್ಲಿ ಬೇರು ಇಳಿಯಲಿಲ್ಲ. ಹುಲ್ಲೂ ಮರಳಲಿಲ್ಲ. ಕೆದಕಿ ಹಾಕಿದ ಮಣ್ಣಿನ ಗುಡ್ಡೆಗಳ ಮೇಲೆಲ್ಲ ಕಾಂಗ್ರೆಸ್ ಕಸ ಎದ್ದಿತು. ಕುರಿಯೂ ಮೂಸದ, ಚಿಗರಿಯೂ ಮುಟ್ಟದ ಬೆಳೆ ಅದು. ಅಗೆಯದ ಭಾಗ ಮೊದಲಿನಂತೆಯೇ ಇದೆ.

ನಾವು ಎಣಿಸದಿದ್ದ ಕಷ್ಟ ಕಂದಕದಿಂದ ಬಂತು. ದನ ನುಗ್ಗದಿರಲೆಂದು ತೋಡಿದ ಆ ಕಂದಕ ಚಿಗರಿಗಳ ಹಾದಿಗೆ ಅಡ್ಡವಾಯಿತು. ಹಿಂಡು ಬೇರೆ ದಾರಿ ಹಿಡಿದು, ಮೊದಲು ಅಪರೂಪಕ್ಕೆ ಇಳಿಯುತ್ತಿದ್ದ ಕಡಲೆ ಹೊಲಗಳಿಗೆ ಆ ಹಿಂಗಾರಿನಲ್ಲಿ ರಾತ್ರಿ ರಾತ್ರಿ ಇಳಿಯಿತು. ಠರಾವಿಗೆ ಕೈ ಎತ್ತಿದ್ದ ರೈತರೊಬ್ಬರು ಪಂಚಾಯಿತಿಗೆ ಬಂದು ಮೇಯ್ದ ಕಡಲೆ ಗಿಡಗಳ ಕಟ್ಟನ್ನು ಮೇಜಿನ ಮೇಲಿಟ್ಟರು. ‘ಯಾರಿಗಾಗಿ ಉಳಿಸಿದೆವೋ ಅವೇ ತಿಂದವು, ಅಕ್ಕಾ’ ಎಂದರು ಅಧ್ಯಕ್ಷೆಗೆ. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಬೆಳೆ ಹಾನಿ ಪರಿಹಾರಕ್ಕೆ ಅರ್ಜಿ ಹಾಕಿಸಿದೆವು. ಪಹಣಿಯಲ್ಲಿ ಹೆಸರಿದ್ದವರಿಗೆ ತಡವಾಗಿಯಾದರೂ ಹಣ ಬಂತು. ಪಾಲಿಗೆ ಹೊಲ ಮಾಡಿದ ಇಬ್ಬರಿಗೆ ಏನೂ ಬರಲಿಲ್ಲ. ಕಂದಕವನ್ನು ಎರಡು ಕಡೆ ಮುಚ್ಚಿದ ಮೇಲೆ ಹಾವಳಿ ಕಡಿಮೆಯಾಯಿತು, ನಿಲ್ಲಲಿಲ್ಲ. ಇಂಥ ಠರಾವು ಮಾಡುವ ಯಾವ ಪಂಚಾಯಿತಿಯೂ ಮೊದಲ ದಿನವೇ ಬೆಳೆ ಹಾನಿಯ ಮಾತನ್ನು, ಅದರಲ್ಲೂ ಪಹಣಿ ಇಲ್ಲದವರ ಮಾತನ್ನು, ಸಭೆಯಲ್ಲಿ ಎತ್ತಬೇಕು. ನಾವು ಎತ್ತಲಿಲ್ಲ.

2023ರ ಮಧ್ಯದಲ್ಲಿ ಮೂವತ್ತು ತಿಂಗಳ ಅವಧಿ ಮುಗಿದು ಅಧ್ಯಕ್ಷರು ಬದಲಾದರು. ಹೊಸಬರಿಗೆ ಈ ವಿಷಯದಲ್ಲಿ ಆಸಕ್ತಿ ಇರಲಿಲ್ಲ, ವಿರೋಧವೂ ಇರಲಿಲ್ಲ. ಹೊಸ ದಾಖಲಾತಿ ಉಳಿದದ್ದು ಸಮಿತಿಯ ಸದಸ್ಯರು ಪ್ರತಿ ಗ್ರಾಮಸಭೆಗೂ ಅದನ್ನು ತೆಗೆದುಕೊಂಡು ಬಂದು ಒಂದು ಪುಟ ಓದಿಸಿದ್ದರಿಂದ.

ಮೇಲಿನ ಯೋಜನೆ, ಕೆಳಗಿನ ಪುಟ

ಈ ನಡುವೆ ಮೇಲೆ ಬಹಳಷ್ಟು ನಡೆಯಿತು. 2022ರ ಡಿಸೆಂಬರಿನಲ್ಲಿ, ನಾವು ಭಜ್ಜಿಯ ಪುಟ ಬರೆಯುತ್ತಿದ್ದ ದಿನಗಳಲ್ಲೇ, ಕುನ್ಮಿಂಗ್-ಮಾಂಟ್ರಿಯಲ್ ಜಾಗತಿಕ ಜೀವವೈವಿಧ್ಯ ಒಪ್ಪಂದವಾಯಿತು. ಹಾಳಾದ ಪರಿಸರ ವ್ಯವಸ್ಥೆಗಳಲ್ಲಿ ಶೇ 30ರಷ್ಟಾದರೂ 2030ರೊಳಗೆ ಪುನಶ್ಚೇತನದ ಹಾದಿಯಲ್ಲಿರಬೇಕು ಎಂಬ ಗುರಿ ಅದರಲ್ಲಿದೆ. ಕಾಯ್ದೆಯ 2023ರ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. 2024ರ ಅಕ್ಟೋಬರ್ ಕೊನೆಯಲ್ಲಿ ಕೊಲಂಬಿಯಾದ ಕಾಲಿ ನಗರದ ಜೀವವೈವಿಧ್ಯ ಸಮ್ಮೇಳನದಲ್ಲಿ ಭಾರತ ತನ್ನ ಪರಿಷ್ಕೃತ ರಾಷ್ಟ್ರೀಯ ಜೀವವೈವಿಧ್ಯ ಕಾರ್ಯತಂತ್ರವನ್ನು 23 ಗುರಿಗಳೊಂದಿಗೆ ಮುಂದಿಟ್ಟಿತು.

ಗುರಿಗಳ ಬಗ್ಗೆ ನನಗೆ ತಕರಾರಿಲ್ಲ. ‘ಹಾಳಾದದ್ದು’ ಎಂದರೆ ಯಾವುದು ಎಂದು ಯಾರು ತೀರ್ಮಾನಿಸುತ್ತಾರೆ ಎಂಬುದೇ ನನ್ನ ಆತಂಕ. 1988ರ ರಾಷ್ಟ್ರೀಯ ಅರಣ್ಯ ನೀತಿ ದೇಶದ ನೆಲದ ಮೂರನೇ ಒಂದರಷ್ಟು ಕಾಡು ಇಲ್ಲವೇ ಮರಗಳಿಂದ ಕೂಡಿರಬೇಕು ಎನ್ನುತ್ತದೆ. ಬೀದರ್, ಕಲಬುರಗಿ, ಯಾದಗಿರಿಯಂಥ ಕಡಿಮೆ ಕಾಡಿನ ಜಿಲ್ಲೆಗಳ ಮೇಲೆ ಆ ಒತ್ತಡ ಸದಾ ಇರುತ್ತದೆ. ಕೇಂದ್ರದ ಪಾಳು ಭೂಮಿ ನಕ್ಷೆಗಳು ಕುರುಚಲು ನೆಲವನ್ನೂ ಸವೆದ ಮೇವಿನ ನೆಲವನ್ನೂ ಪಾಳು ಎಂಬ ಲೆಕ್ಕಕ್ಕೇ ಸೇರಿಸುತ್ತವೆ. 2023ರ ಹಸಿರು ಕ್ರೆಡಿಟ್ ನಿಯಮಗಳ (ಮರ ನೆಡುವಂಥ ಕೆಲಸಕ್ಕೆ ಅಂಕ ಕೊಡುವ ಕೇಂದ್ರದ ನಿಯಮಗಳ) ಬೆನ್ನಿಗೆ 2024ರ ಫೆಬ್ರುವರಿಯಲ್ಲಿ ಬಂದ ಕ್ರಮಪದ್ಧತಿ ಹೆಕ್ಟೇರಿಗೆ ಕನಿಷ್ಠ 1,100 ಮರ ಎಂದಿತು. ಅದು ಅರಣ್ಯ ಇಲಾಖೆಯ ಹಿಡಿತದ ಭೂಮಿಗೆ ಸಂಬಂಧಿಸಿದ್ದು, ಗಾಯರಾಣಕ್ಕಲ್ಲ. ಆದರೆ ಹುಲ್ಲನ್ನು ನೋಡುವ ಕಣ್ಣು ಒಂದೇ. ಬಯಲಿನಲ್ಲಿ ಮರ ಕಾಣದಿದ್ದರೆ ಅಲ್ಲಿ ಏನೂ ಇಲ್ಲ ಎಂದುಕೊಳ್ಳುವ ಕಣ್ಣು ಅದು. ಈ ಕಣ್ಣಿಗೆ ಎದುರಾಗಿ ಊರಿನವರು ಹಿಡಿಯಬಹುದಾದ ಕಾಗದ ಸದ್ಯಕ್ಕೆ ದಾಖಲಾತಿಯೊಂದೇ, ಅದೂ ನಿಜವಾಗಿ ಬರೆದಿದ್ದರೆ.

2024ರ ಕೊನೆಯಲ್ಲಿ ಪಂಚಾಯಿತಿಗೆ ಮತ್ತೊಂದು ಪತ್ರ ಬಂತು: ನಿಮ್ಮ ವ್ಯಾಪ್ತಿಯ ಪಾಳು ಭೂಮಿಯ ಸರ್ವೆ ನಂಬರುಗಳನ್ನು ವಾರದೊಳಗೆ ಕಳುಹಿಸಿ. ಲಗತ್ತಿಸಿದ ಹಳೆಯ ಪಟ್ಟಿಯಲ್ಲಿ ಗಾಯರಾಣದ ನಂಬರೂ ಇತ್ತು. ಪಿಡಿಒ ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ ‘ಹುಲ್ಲುಗಾವಲು, ದಾಖಲಾತಿ ನೋಡಿ’ ಎಂದು ಬರೆದರು. ಗ್ರಾಮಸಭೆಯ ಠರಾವಿನ ಪ್ರತಿ ಮತ್ತು ಹೊಸ ದಾಖಲಾತಿಯ ನಾಲ್ಕು ಪುಟಗಳನ್ನು ಜೊತೆಗೆ ಪಿನ್ ಮಾಡಿದರು. ಅದರಲ್ಲಿ ಒಂದು ಮುತ್ಯಾ ಹೇಳಿದ ಊಬಿನ ಪುಟ. ಉತ್ತರ ಇನ್ನೂ ಬಂದಿಲ್ಲ.